ಬಸ್ ಕ್ಯಾಮೆರಾ ಕಂಪನಿಗೆ ದುಡ್ಡು ಹಾಕುವ ಮುನ್ನ: ಸಾಲವಾ, ಷೇರಾ, ಎಸ್‌ಎಂಇ ಐಪಿಒನಾ?

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಒಂದು ಶೆಡ್ಡು. ಇಪ್ಪತ್ತು ಜನ ಕೆಲಸಗಾರರು. ಬಸ್ಸುಗಳಿಗೆ ಕ್ಯಾಮೆರಾ, ರೆಕಾರ್ಡರ್ ಹಾಕಿಕೊಡುವ ಕಂಪನಿ. ಮಾಲೀಕರು ಪರಿಚಯದವರು. "ಸರ್, ವರ್ಕ್ ಆರ್ಡರ್ ಕೈಯಲ್ಲೇ ಇದೆ. ಬಂಡವಾಳ ಒಂದು ಸಾಲ್ತಾ ಇಲ್ಲ. ನೀವೊಂದು ಇಪ್ಪತ್ತು ಲಕ್ಷ ಹಾಕಿದ್ರೆ…" ಅಂತಾರೆ. ಎಲೆಕ್ಟ್ರಿಕ್ ಬಸ್ಸುಗಳು ಸಾವಿರದ ಲೆಕ್ಕದಲ್ಲಿ ಬರುತ್ತಿವೆ, ಪ್ರತಿಯೊಂದಕ್ಕೂ ಕ್ಯಾಮೆರಾ ಬೇಕು, ಹಾಗಾಗಿ ಈ ಬಿಸಿನೆಸ್ ಬೆಳೆದೇ ಬೆಳೆಯುತ್ತದೆ ಅನ್ನುವುದು ಅವರ ವಾದ.

ಬೆಳೆಯುತ್ತದೆ, ನಿಜ. ಆದರೆ ಆರ್ಡರ್ ಬರುವುದು ಬೇರೆ, ದುಡ್ಡು ಬರುವುದು ಬೇರೆ. ಈ ಬಿಸಿನೆಸ್‌ನಲ್ಲಿ ಆ ಎರಡರ ನಡುವಿನ ಅಂತರ ಸಣ್ಣದಲ್ಲ. ಆ ಅಂತರದಲ್ಲಿ ಸಿಕ್ಕಿಕೊಳ್ಳುವುದು ನಿಮ್ಮ ಹಣ. ಇಂಥ ಕಂಪನಿಗೆ ಕೈಗಡ ಕೊಡಬೇಕಾ, ಷೇರು ತಗೋಬೇಕಾ, ಇಲ್ಲಾ ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿರುವ ಇನ್ಯಾವುದೋ ಕಂಪನಿಯನ್ನು ನೋಡಬೇಕಾ ಅನ್ನುವುದನ್ನು ಇಲ್ಲಿ ಹೋಲಿಸುತ್ತೇನೆ. ಅದಕ್ಕೂ ಮೊದಲು ಮಾಲು ಏನು, ಗಿರಾಕಿ ಯಾರು ಅಂತ ನೋಡೋಣ. ಅದು ಗೊತ್ತಾದರೆ ಅರ್ಧ ತೀರ್ಮಾನ ಆದಹಾಗೆ.

ಡಬ್ಬದಲ್ಲಿ ಲಾಭ ಕಡಿಮೆ

ಒಂದು ಬಸ್ಸಿಗೆ ಸಾಮಾನ್ಯವಾಗಿ ಮೂರ್ನಾಲ್ಕು ಕ್ಯಾಮೆರಾ. ಒಂದು ರಸ್ತೆ ಕಡೆಗೆ, ಒಂದು ಚಾಲಕರ ಕಡೆಗೆ, ಒಂದೆರಡು ಪ್ರಯಾಣಿಕರ ಕಡೆಗೆ. ಎಲ್ಲದರ ವೈರು ಎಂಡಿವಿಆರ್ ಅನ್ನುವ ರೆಕಾರ್ಡರ್ ಡಬ್ಬಕ್ಕೆ ಬಂದು ಸೇರುತ್ತದೆ. ಅದರೊಳಗೆ ಹಾರ್ಡ್ ಡಿಸ್ಕ್ ಅಥವಾ ಮೆಮೊರಿ ಕಾರ್ಡ್, 4ಜಿ ಸಿಮ್ಮು, ಜಿಪಿಎಸ್. ಮನೆ ಸಿಸಿಟಿವಿ ಥರಾನೇ ಅಲ್ವಾ ಅನಿಸುತ್ತದೆ. ಆದರೆ ಬಸ್ಸಿನದು 24 ವೋಲ್ಟ್ ಬ್ಯಾಟರಿ, ಡೀಸೆಲ್ ಬಸ್ಸಾದರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ವೋಲ್ಟೇಜ್ ಕುಸಿಯುತ್ತದೆ. ದಿನವಿಡೀ ಹಂಪು, ಗುಂಡಿ, ಧೂಳು. ತೊಳೆಯುವಾಗ ನೀರು. ಒಂದು ಕನೆಕ್ಟರ್ ಸಡಿಲವಾದರೆ ಸಾಕು, ಒಂದು ಕ್ಯಾಮೆರಾ ಕಪ್ಪು.

ಸುಮ್ನೆ ಒಂದು ಲೆಕ್ಕ ನೋಡಿ. ಒಂದು ಫುಲ್ ಎಚ್‌ಡಿ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 0.9 ಜಿಬಿ. ನಾಲ್ಕು ಕ್ಯಾಮೆರಾಗೆ 3.6 ಜಿಬಿ. ಬಸ್ಸು ದಿನಕ್ಕೆ 16 ಗಂಟೆ ಓಡಿದರೆ ಸುಮಾರು 58 ಜಿಬಿ. ಟೆಂಡರಿನಲ್ಲಿ 30 ದಿನದ ದಾಖಲೆ ಇರಬೇಕು ಅಂತಿದ್ದರೆ ಬಸ್ಸೊಂದಕ್ಕೆ 1.7 ಟಿಬಿಗಿಂತ ಜಾಸ್ತಿ ಜಾಗ ಬೇಕು. ಕಡಿಮೆ ದರ ಕೂಗಿ ಟೆಂಡರ್ ಗೆದ್ದವರು ಇಲ್ಲೇ ಕೈ ಬಿಗಿ ಹಿಡಿಯುತ್ತಾರೆ. ಸಣ್ಣ ಡಿಸ್ಕ್ ಹಾಕುತ್ತಾರೆ, ಇಲ್ಲವೇ ಚಿತ್ರದ ಗುಣಮಟ್ಟ ಇಳಿಸುತ್ತಾರೆ. ಏನೋ ಗಲಾಟೆ ಆಗಿ ಪೊಲೀಸರು ಇಪ್ಪತ್ತು ದಿನದ ಹಿಂದಿನ ದೃಶ್ಯ ಕೇಳಿದಾಗ ಅದು ಅಳಿಸಿಹೋಗಿರುತ್ತದೆ. ಆಮೇಲೆ ದಂಡ, ಬಿಲ್ಲಿನಲ್ಲಿ ಕಡಿತ.

ಡಬ್ಬಗಳು ಬಹುಪಾಲು ಚೀನಾದ ಶೆನ್‌ಜೆನ್ ಕಡೆಯಿಂದ ಬರುತ್ತವೆ. ಅಲ್ಲಿನ ಸ್ಟ್ರೀಮ್ಯಾಕ್ಸ್‌ನಂಥ ಕಂಪನಿಗಳು ಲೋಕಕ್ಕೆಲ್ಲಾ ಮಾರುತ್ತವೆ. ನಿಮ್ಮ ಪರಿಚಯದವರು ತರಿಸುವುದನ್ನು ಇನ್ನೊಬ್ಬರೂ ತರಿಸಬಹುದು. ಹಾಗಾಗಿ ಡಬ್ಬದ ಮೇಲೆ ಲಾಭ ತೆಳು. ನಿಜವಾದ ಲಾಭ ಇರುವುದು ಫಿಟ್ಟಿಂಗ್ ಚೆನ್ನಾಗಿ ಮಾಡಿ, ಆಮೇಲೆ ಐದು ವರ್ಷ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ, ನೋಡಿಕೊಳ್ಳುವುದರಲ್ಲಿ. ಯಾವ ಬಸ್ಸಿನ ಯಾವ ಕ್ಯಾಮೆರಾ ಸತ್ತಿದೆ ಅಂತ ಕೂತಲ್ಲೇ ತೋರಿಸುವ ಸಾಫ್ಟ್‌ವೇರ್ ಕಂಪನಿಯದ್ದೇ ಸ್ವಂತದ್ದಾಗಿದ್ದರೆ ಇನ್ನೂ ಒಳ್ಳೆಯದು. ಅದಕ್ಕೇ ನಾನಾಗಿದ್ದರೆ ಮೊದಲು ಕೇಳುವ ಪ್ರಶ್ನೆ ಇದು: ಹೋದ ವರ್ಷದ ವಹಿವಾಟಿನಲ್ಲಿ ಹಿಂದೆ ಯಾವಾಗಲೋ ಕ್ಯಾಮೆರಾ ಹಾಕಿದ ಹಳೆಯ ಬಸ್ಸುಗಳಿಂದ ಬಂದದ್ದು ಎಷ್ಟು? "ಎಲ್ಲಾ ಹೊಸ ಆರ್ಡರೇ ಸರ್" ಅಂತ ಹೆಮ್ಮೆಯಿಂದ ಹೇಳಿದರೆ ಸ್ವಲ್ಪ ಹುಷಾರಾಗಿ.

ಐನೂರು ಬಸ್ಸಿನ ಲೆಕ್ಕ

ಇದು ಊಹೆಯ ಲೆಕ್ಕ, ಆದರೆ ಅಂಕಿಗಳನ್ನು ನಿಮ್ಮ ಕಂಪನಿಯದಕ್ಕೆ ಬದಲಿಸಿಕೊಳ್ಳಬಹುದು. 500 ಬಸ್ಸು, ಬಸ್ಸಿಗೆ ₹35,000. ಒಟ್ಟು ₹1.75 ಕೋಟಿ, ಜಿಎಸ್‌ಟಿ ಬೇರೆ. ಲಾಭ ನೂರಕ್ಕೆ 12 ಅಂದುಕೊಂಡರೆ ₹21 ಲಕ್ಷ. ಕೇಳಲು ಚೆನ್ನಾಗಿದೆ.

ಈಗ ದುಡ್ಡು ಓಡುವ ದಾರಿ ನೋಡಿ. ಹೊರದೇಶದ ಮಾಲಿಗೆ ಮುಂಗಡ ಕಟ್ಟಬೇಕು. ಟೆಂಡರಿಗೆ ಇಎಂಡಿ ಅನ್ನುವ ಠೇವಣಿ, ಗೆದ್ದ ಮೇಲೆ ಬ್ಯಾಂಕ್ ಗ್ಯಾರಂಟಿ, ಅದಕ್ಕೊಂದು ಎಫ್‌ಡಿ ಅಡ. ಮಾಲು ಬಂದ ಮೇಲೆ ಫಿಟ್ಟಿಂಗ್. ಹಗಲು ಬಸ್ಸು ರೂಟಿನಲ್ಲಿರುತ್ತದೆ. ರಾತ್ರಿ ಡಿಪೋಗೆ ಬಂದು, ತೊಳೆಯುವುದು ಮುಗಿದು, ಬೆಳಗಿನ ಶೆಡ್ಯೂಲಿಗೆ ಹೊರಡುವ ತನಕ ಸಿಗುವ ಕೆಲವು ಗಂಟೆಗಳಲ್ಲಿ ಹುಡುಗರು ಚಾವಣಿಯ ಪ್ಯಾನಲ್ ಬಿಚ್ಚಿ ವೈರೆಳೆದು ಮತ್ತೆ ಮುಚ್ಚಬೇಕು. ಒಂದು ರಾತ್ರಿಗೆ ನಾಲ್ಕೈದು ಬಸ್ಸು ಮುಗಿದರೆ ದೊಡ್ಡದು. ಆಮೇಲೆ ಡಿಪೋದವರ ಜೊತೆ ಜಂಟಿ ತಪಾಸಣೆ. ಅವರ ಸಹಿ ಬಿದ್ದ ಮೇಲೆ ಬಿಲ್ಲು. ಬಿಲ್ಲು ಮೇಜಿಂದ ಮೇಜಿಗೆ ಹೋಗಿ ಪಾಸಾಗಬೇಕು. ಇಷ್ಟರಲ್ಲಿ ಜಿಎಸ್‌ಟಿ ಕಾಯುವುದಿಲ್ಲ. ಇನ್‌ವಾಯ್ಸ್ ಮಾಡಿದ ಮರುತಿಂಗಳ 20ಕ್ಕೆ ಖರೀದಿಯ ಕ್ರೆಡಿಟ್ ಕಳೆದು ಉಳಿದದ್ದನ್ನು ಕಟ್ಟಲೇಬೇಕು, ಗಿರಾಕಿ ಕೊಟ್ಟಿರಲಿ ಬಿಟ್ಟಿರಲಿ.

ಹೀಗೆ ₹1.4 ಕೋಟಿ ಸಿಕ್ಕಿಹಾಕಿಕೊಂಡಿದೆ ಅನ್ನೋಣ, ಅದಕ್ಕೆ ವರ್ಷಕ್ಕೆ ಶೇ 12 ಬಡ್ಡಿ. ಎಂಟು ತಿಂಗಳಿಗೆ ದುಡ್ಡು ಬಂದರೆ ಬಡ್ಡಿ ₹11.2 ಲಕ್ಷ, ಅರ್ಧ ಲಾಭ ಹೋಯಿತು. ಹದಿನಾಲ್ಕು ತಿಂಗಳಾದರೆ ₹19.6 ಲಕ್ಷ. ಹದಿನೈದನೇ ತಿಂಗಳಿಗೆ ಲಾಭ ಸೊನ್ನೆ. ಕೆಲಸ ಚೆನ್ನಾಗಿಯೇ ಆಗಿರುತ್ತದೆ, ಬಸ್ಸುಗಳು ಓಡುತ್ತಿರುತ್ತವೆ, ಕ್ಯಾಮೆರಾ ನೋಡುತ್ತಿರುತ್ತದೆ. ಕಂಪನಿ ಮಾತ್ರ ಬಡ್ಡಿ ಕಟ್ಟಲು ಓಡಾಡುತ್ತಿರುತ್ತದೆ.

ಗಿರಾಕಿ ಯಾರು?

ಸರ್ಕಾರಿ ಸಾರಿಗೆ ನಿಗಮ ಅಂದರೆ ಭದ್ರ ಅನ್ನುವ ಭಾವನೆ ನಮ್ಮಲ್ಲಿದೆ. ದುಡ್ಡು ಮುಳುಗುವುದಿಲ್ಲ ಅನ್ನುವ ಮಟ್ಟಿಗೆ ಅದು ಸರಿ. ಬೇಗ ಬರುತ್ತದೆ ಅಂತೇನಿಲ್ಲ. ಕರ್ನಾಟಕದಲ್ಲಿ ನಾಲ್ಕು ನಿಗಮಗಳಿವೆ: ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ಸಾರಿಗೆ, ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ನಡೆಯುತ್ತಿದೆ, ಮಹಿಳೆಯರ ಟಿಕೆಟ್ ಹಣವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. 2025ರ ಆಗಸ್ಟ್‌ನಲ್ಲಿ ಸಾರಿಗೆ ನೌಕರರು 38 ತಿಂಗಳ ವೇತನ ಬಾಕಿ ಕೇಳಿ ಮುಷ್ಕರ ಮಾಡಿದ್ದು ನೆನಪಿರಬಹುದು. ಸ್ವಂತ ನೌಕರರಿಗೇ ಬಾಕಿ ಇರುವ ಕಡೆ ಕ್ಯಾಮೆರಾ ಸಪ್ಲೈ ಮಾಡಿದವರ ಸರದಿ ಎಲ್ಲಿ ಬರುತ್ತದೆ ಅಂತ ನೀವೇ ಯೋಚಿಸಿ. ಮಹಿಳೆಯರ ಸುರಕ್ಷತೆಗೆ ಅಂತ ಇರುವ ನಿರ್ಭಯಾ ನಿಧಿಯ ಹಾಗೆ, ಕ್ಯಾಮೆರಾಗೆ ಅಂತಲೇ ಬೇರೆ ಹಣ ಇಟ್ಟಿರುವ ಟೆಂಡರು ಇದಕ್ಕಿಂತ ವಾಸಿ. ಆದರೆ ಅದು ಒಂದು ಸಲದ ಆಟ. ನಿಧಿ ಮುಗಿದರೆ ಆರ್ಡರ್ ಮುಗಿಯಿತು.

ಎಲೆಕ್ಟ್ರಿಕ್ ಬಸ್ಸಿನ ಕಥೆ ಬೇರೆ. ಅಲ್ಲಿ ನಿಗಮ ಬಸ್ಸು ಕೊಳ್ಳುವುದೇ ಇಲ್ಲ. ಬಸ್ ತಯಾರಕರೋ ಅವರ ಅಂಗಸಂಸ್ಥೆಯೋ ಬಸ್ಸು ಓಡಿಸುತ್ತಾರೆ, ನಿಗಮ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತದೆ. ಬಿಎಂಟಿಸಿಗೆ ಟಾಟಾದ 921 ಬಸ್ಸು ಬಂದದ್ದು ಹೀಗೆ, 12 ವರ್ಷದ ಒಪ್ಪಂದದಲ್ಲಿ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿನ ಪಾಲಿಗೆ ಬಂದ 4,500 ಬಸ್ಸುಗಳೂ ಇದೇ ಮಾದರಿಯವು. ಅಂದರೆ ನಿಮ್ಮ ಕಂಪನಿಯ ಗಿರಾಕಿ ಬಿಎಂಟಿಸಿ ಅಲ್ಲ, ಬಸ್ ತಯಾರಕರು. ಅವರು ದರ ಹಿಂಡುತ್ತಾರೆ, ಆದರೆ ಲೆಕ್ಕ ಚುಕ್ತಾ ಮಾಡುತ್ತಾರೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಕೊಡದಿದ್ದರೆ ಆ ವರ್ಷ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಅನ್ನುವ ನಿಯಮ ಬಂದ ಮೇಲೆ ಇನ್ನಷ್ಟು. ಒಂದು ತೊಡಕಿದೆ: ಸಣ್ಣ ಉದ್ಯಮಗಳ ಸರ್ಕಾರಿ ದಾಖಲಾತಿಯಾದ ಉದ್ಯಮ್ ನೋಂದಣಿಯಲ್ಲಿ ಬರೀ ಟ್ರೇಡಿಂಗ್ ಅಂತಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಡಬ್ಬ ತರಿಸಿ ಮಾರುವ ಕಂಪನಿಗಳು ಎಷ್ಟೋ ಸಲ ಟ್ರೇಡಿಂಗ್ ಆಗಿಯೇ ನೋಂದಣಿಯಾಗಿರುತ್ತವೆ. ನೋಡಿಕೊಳ್ಳಿ.

ನಿಗಮಗಳು ದುಡ್ಡು ಕೊಡುವುದು ತಡವಾಗುತ್ತದೆ ಅನ್ನುವ ಭಯ ದೊಡ್ಡವರಿಗೂ ಇದೆ. ಅದಕ್ಕೇ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇ-ಬಸ್ಸುಗಳಿಗಾಗಿ ಸುಮಾರು ₹3,435 ಕೋಟಿಯ ಪಾವತಿ ಭದ್ರತಾ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಆ ಭದ್ರತೆ ಬಸ್ಸು ಓಡಿಸುವವರಿಗೆ. ಅವರಿಗೆ ಕ್ಯಾಮೆರಾ ಕೊಟ್ಟವರಿಗೆ ಅಲ್ಲ.

ಶಾಲಾ ಬಸ್ಸು, ಖಾಸಗಿ ಸ್ಲೀಪರ್ ಬಸ್ಸು, ಐಟಿ ಕಂಪನಿಗಳ ಗಾಡಿಗಳು ಮೂರನೇ ಗುಂಪು. ಆರ್ಡರ್ ಸಣ್ಣದು, ಹತ್ತೋ ಇಪ್ಪತ್ತೋ ಗಾಡಿ. ಆದರೆ ಅಡ್ವಾನ್ಸ್ ಸಿಗುತ್ತದೆ. ನನಗೆ ಇಷ್ಟವಾಗುವ ಕಂಪನಿ ಅಂದರೆ ಇವರನ್ನು ಜಾಸ್ತಿ ಇಟ್ಟುಕೊಂಡು, ಮಧ್ಯೆ ಮಧ್ಯೆ ಒಂದು ದೊಡ್ಡ ಟೆಂಡರ್ ಹಿಡಿಯುವಂಥದ್ದು.

ಕಾಯಿದೆ ಬರುತ್ತದೆ ಅಂತ ನಂಬಿ ದುಡ್ಡು ಹಾಕಬೇಡಿ

"ಮುಂದಿನ ಏಪ್ರಿಲ್‌ನಿಂದ ಕಡ್ಡಾಯ ಸರ್" ಅನ್ನುವ ಮಾತು ಈ ವಲಯದಲ್ಲಿ ಪ್ರತಿ ವರ್ಷ ಕೇಳಿಸುತ್ತದೆ. ಜಿಪಿಎಸ್ ಮತ್ತು ಪ್ಯಾನಿಕ್ ಬಟನ್‌ಗೆ ಸಂಬಂಧಿಸಿದ ಎಐಎಸ್-140 ಮಾನದಂಡ 2018ರ ಏಪ್ರಿಲ್‌ನಿಂದ ಅಂತಿದ್ದದ್ದು ಹೊಸ ಗಾಡಿಗಳಿಗೆ ಜಾರಿಯಾದದ್ದು 2019ರ ಜನವರಿ 1ರಿಂದ. ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಬೇಕು ಅಂತ 2024ರ ಏಪ್ರಿಲ್‌ನಲ್ಲಿ ಆದೇಶವಾಯಿತು. ಅಕ್ಟೋಬರ್‌ನ ಗಡುವು 2025ರ ಏಪ್ರಿಲ್‌ಗೆ ಮುಂದಕ್ಕೆ ಹೋಯಿತು. ಬಸ್ಸುಗಳಿಗೆ ಚಾಲಕರ ತೂಕಡಿಕೆ ಪತ್ತೆ ಮಾಡುವ ವ್ಯವಸ್ಥೆ ಬೇಕು ಅಂತ 2025ರ ಮಾರ್ಚ್‌ನಲ್ಲಿ ಕರಡು ಬಂತು. ಕರಡನ್ನು ನಂಬಿ ಗೋಡೌನ್ ತುಂಬಿಸಿಕೊಂಡವರ ಪಾಡು ಕಷ್ಟ.

ಸಿಸಿಟಿವಿ ಆದೇಶ ಮಾತ್ರ ನಿಜವಾಗಿ ಕಚ್ಚುವಂಥದ್ದು. ಚಿಪ್ಪು ಎಲ್ಲಿಯದು, ಸಾಫ್ಟ್‌ವೇರ್ ಎಲ್ಲಿಯದು ಅಂತೆಲ್ಲಾ ದಾಖಲೆ ಕೊಟ್ಟು ಮಾದರಿ ಮಾದರಿಗೂ ಎಸ್‌ಟಿಕ್ಯುಸಿ ಅನ್ನುವ ಸರ್ಕಾರಿ ಸಂಸ್ಥೆಯ ಪರೀಕ್ಷೆ ಮಾಡಿಸಬೇಕು. ಸಣ್ಣ ಆಮದುದಾರರಿಗೆ ಇದು ಭಾರ. ಆ ಪ್ರಮಾಣಪತ್ರ ಕಂಪನಿಯ ಹೆಸರಲ್ಲಿದೆಯೋ ಬೇರೆಯವರ ಹೆಸರಲ್ಲೋ, ಕಣ್ಣಾರೆ ನೋಡಿ.

ಈಗ ದಾರಿಗಳನ್ನು ಹೋಲಿಸೋಣ

ಸಾಲ ಕೊಡುವುದು ಎಲ್ಲಕ್ಕಿಂತ ಸುಲಭ ಅನಿಸುತ್ತದೆ. ತಿಂಗಳಿಗೆ ಒಂದೂವರೆ, ಎರಡು ಪರ್ಸೆಂಟ್ ಅಂತಾರೆ. ಇದು ನನಗೆ ಅತಿ ಕಡಿಮೆ ಇಷ್ಟವಾದ ದಾರಿ. ಕಂಪನಿ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ನಿರ್ದೇಶಕರಿಂದ, ಅವರ ಹತ್ತಿರದ ಬಂಧುಗಳಿಂದ, ಮಿತಿಯೊಳಗೆ ಷೇರುದಾರರಿಂದ ಸಾಲ ತಗೋಬಹುದು. ಬರೀ ಸ್ನೇಹಿತರಿಂದ ತಗೊಂಡರೆ ಕಂಪನಿ ಕಾಯ್ದೆಯ ಪ್ರಕಾರ ಅದು ಠೇವಣಿ, ಅದಕ್ಕೆ ಅವಕಾಶವಿಲ್ಲ. ನೀವು ಕೊಟ್ಟ ಸಾಲ ಮೊದಲ ದಿನದಿಂದಲೇ ತೊಡಕಿನದು. ಬಡ್ಡಿಗೆ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಬ್ಯಾಂಕು ಕಂಪನಿಯ ಆಸ್ತಿ, ಬಾಕಿ ಎಲ್ಲವನ್ನೂ ಮೊದಲೇ ಅಡ ಇಟ್ಟುಕೊಂಡಿರುತ್ತದೆ. ಮುಳುಗಿದರೆ ನಿಮಗೆ ಸಿಗುವುದು ಬ್ಯಾಂಕು ತಿಂದು ಬಿಟ್ಟದ್ದು.

ಇನ್ನೊಂದು ಮಾತು. ಬಸ್ ತಯಾರಕರ ಮೇಲೆ ಬಿಲ್ಲು ಇದ್ದರೆ ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಅದನ್ನು ಡಿಸ್ಕೌಂಟ್ ಮಾಡಿಸಿ, ಅಂದರೆ ಬಿಲ್ಲಿನ ಹಣವನ್ನು ಸ್ವಲ್ಪ ಕಡಿತಕ್ಕೆ ಮುಂಚೆಯೇ ಪಡೆದು, ಕಡಿಮೆ ಬಡ್ಡಿಗೆ ಹಣ ಎತ್ತಬಹುದು. ₹250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಹಾಗಿದ್ದೂ ಮಾಲೀಕರು ನಿಮಗೆ ವರ್ಷಕ್ಕೆ 24 ಪರ್ಸೆಂಟ್ ಕೊಡಲು ತಯಾರಿದ್ದಾರೆ ಅಂದರೆ, ಯಾಕೆ ಅಂತ ಕೇಳಿ. ಒಳ್ಳೆಯ ಉತ್ತರವೂ ಇರಬಹುದು. ಇಲ್ಲದಿರುವುದೇ ಹೆಚ್ಚು.

ಷೇರು ತಗೊಳ್ಳುವುದು ಎರಡನೇ ದಾರಿ. ಲಾಭದಲ್ಲಿ ಪಾಲು, ಕಂಪನಿ ಬೆಳೆದರೆ ದೊಡ್ಡ ಮೊತ್ತ. ಕಷ್ಟ ಇರುವುದು ಹೊರಗೆ ಬರುವುದರಲ್ಲಿ. ಪ್ರೈವೇಟ್ ಕಂಪನಿಯ ಶೇ 8ರ ಪಾಲನ್ನು ಯಾರಿಗೆ ಮಾರುತ್ತೀರಿ? ಡಿವಿಡೆಂಡ್ ಕೊಡಲೇಬೇಕು ಅಂತ ಕಾನೂನಿಲ್ಲ. ಮಾಲೀಕರು ತಮ್ಮ ಸಂಬಳ ಏರಿಸಿಕೊಂಡರೆ ಲಾಭವೇ ಕಾಣುವುದಿಲ್ಲ. ಅದಕ್ಕೆ ಸುಮ್ಮನೆ ಈಕ್ವಿಟಿ ಬದಲು, ಮುಂದೆ ಈಕ್ವಿಟಿಯಾಗಿ ಬದಲಾಗಲೇಬೇಕಾದ ಆದ್ಯತಾ ಷೇರು ಕೇಳಿ. ಲೆಕ್ಕಿಗರ ಬಾಯಲ್ಲಿ ಅದು ಸಿಸಿಪಿಎಸ್. ಕಂಪನಿ ಮುಚ್ಚಿದರೆ ಮಾಮೂಲಿ ಷೇರುದಾರರಿಗಿಂತ ಮೊದಲು ನಿಮಗೆ ಕೊಡಬೇಕಾಗುತ್ತದೆ. ಜೊತೆಗೆ ಒಪ್ಪಂದದಲ್ಲಿ ಇಂತಿಷ್ಟು ವರ್ಷದ ನಂತರ ಮಾಲೀಕರೇ ವಾಪಸ್ ಕೊಳ್ಳಬೇಕು ಅನ್ನುವ ಷರತ್ತು, ಮಾಲೀಕರ ಸಂಬಳಕ್ಕೆ ಮಿತಿ, ತಿಂಗಳ ಲೆಕ್ಕ ನೋಡುವ ಹಕ್ಕು. ಹಣವನ್ನು ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಪ್ರತ್ಯೇಕ ಖಾತೆಗೇ ಕೊಡಿ. 60 ದಿನದೊಳಗೆ ಷೇರು ಹಂಚಬೇಕು, ಇಲ್ಲದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್ ಕೊಡಬೇಕು, ಅದೂ ತಪ್ಪಿದರೆ ಶೇ 12 ಬಡ್ಡಿ ಸೇರಿಸಿ. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ "ಪೇಪರ್ಸ್ ಆಮೇಲೆ ಮಾಡೋಣ ಬಿಡಿ" ಅನ್ನುವವರು ಇದ್ದಾರೆ. ಬಿಡಬೇಡಿ.

ಮೂರನೆಯದು ಎಸ್‌ಎಂಇ ಮಾರುಕಟ್ಟೆ, ಅಂದರೆ ಸಣ್ಣ, ಮಧ್ಯಮ ಕಂಪನಿಗಳ ಷೇರುಪೇಟೆ. ಬಸ್, ಟ್ರಾಫಿಕ್, ಟೋಲ್ ವ್ಯವಸ್ಥೆಗಳ ಸಣ್ಣ ಕಂಪನಿಗಳು 2012ರಲ್ಲಿ ಶುರುವಾದ ಬಿಎಸ್‌ಇ ಎಸ್‌ಎಂಇ, ಎನ್‌ಎಸ್‌ಇ ಎಮರ್ಜ್ ವೇದಿಕೆಗಳಿಗೆ ಬರುತ್ತವೆ. ಇಲ್ಲಿ ಆಡಿಟ್ ಆದ ಲೆಕ್ಕ ಸಿಗುತ್ತದೆ, ಬೇಕೆಂದಾಗ ಮಾರಲು ಒಂದು ಮಾರುಕಟ್ಟೆಯಾದರೂ ಇದೆ. 2025ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ಬಿಗಿ ಮಾಡಿತು. ಹಿಂದಿನ ಮೂರು ವರ್ಷದಲ್ಲಿ ಎರಡು ವರ್ಷವಾದರೂ ₹1 ಕೋಟಿ ಕಾರ್ಯಾಚರಣೆ ಲಾಭ ಇರಬೇಕು, ಐಪಿಒದಲ್ಲಿ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವಾಗ, ಹಳೆಯ ಷೇರುದಾರರು ಮಾರುವ ಪಾಲು ಒಟ್ಟು ಐಪಿಒದ ಶೇ 20 ದಾಟಬಾರದು. ಕನಿಷ್ಠ ಅರ್ಜಿ ₹2 ಲಕ್ಷಕ್ಕಿಂತ ಮೇಲೆ. ಮಾರುವಾಗಲೂ ಲಾಟ್ ಲೆಕ್ಕದಲ್ಲೇ, ಅಂದರೆ ಇಂತಿಷ್ಟು ಷೇರಿನ ಕಟ್ಟಾಗಿಯೇ, ಮಾರಬೇಕು. ಫಲಿತಾಂಶ ಮೇನ್‌ಬೋರ್ಡ್ (ಮುಖ್ಯ ಷೇರುಪೇಟೆಯ) ಕಂಪನಿಗಳ ಹಾಗೆ ಮೂರು ತಿಂಗಳಿಗಲ್ಲ, ಆರು ತಿಂಗಳಿಗೊಮ್ಮೆ.

ಐಪಿಒಗೆ ಬಂದಿದೆ ಅಂದ ಮಾತ್ರಕ್ಕೆ ಸಾಚಾ ಅಂದುಕೊಳ್ಳಬೇಡಿ. ಟ್ರಾಫಿಕ್‌ಸೋಲ್ ಐಟಿಎಸ್ ಟೆಕ್ನಾಲಜೀಸ್ ಪ್ರಕರಣ ಓದಿ. ಅದು ಟೋಲ್, ಟ್ರಾಫಿಕ್ ನಿರ್ವಹಣೆಯ ಕಂಪನಿ, ಈ ವಲಯಕ್ಕೆ ಹತ್ತಿರದ್ದೇ. 2024ರ ಸೆಪ್ಟೆಂಬರ್‌ನಲ್ಲಿ ಸುಮಾರು ₹45 ಕೋಟಿಯ ಎಸ್‌ಎಂಇ ಐಪಿಒಗೆ ಮುನ್ನೂರು ಪಟ್ಟು ಮೀರಿ ಅರ್ಜಿ ಬಂತು. ಐಪಿಒ ಹಣದಲ್ಲಿ ₹17.70 ಕೋಟಿಗೆ ಸಾಫ್ಟ್‌ವೇರ್ ಕೊಳ್ಳುತ್ತೇವೆ ಅಂತ ತೋರಿಸಿದ್ದ ಮಾರಾಟಗಾರ ಸಂಸ್ಥೆಯ ಬಗ್ಗೆ ದೂರು ಬಂದು ಲಿಸ್ಟಿಂಗ್ ನಿಂತಿತು. ಡಿಸೆಂಬರ್‌ನಲ್ಲಿ ಸೆಬಿ ಹೂಡಿಕೆದಾರರ ಹಣ ವಾಪಸ್ ಕೊಡಲು ಆದೇಶಿಸಿತು. ಮುನ್ನೂರು ಪಟ್ಟು ಅರ್ಜಿ ಹಾಕಿದವರಲ್ಲಿ ಎಷ್ಟು ಜನ ಆ ಮಾರಾಟಗಾರ ಯಾರು ಅಂತ ಪ್ರಾಸ್ಪೆಕ್ಟಸ್ ತೆಗೆದು ನೋಡಿದ್ದರೋ!

ನಾಲ್ಕನೆಯದು ಹೊರದೇಶದ ಷೇರು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಇಲ್ಲಿ ಕೂತವರಿಗೆ ತೊಂದರೆಯೇ ಹೆಚ್ಚು. ಲಂಡನ್‌ನಲ್ಲಿ ಸಣ್ಣ ಕಂಪನಿಗಳಿಗಿರುವ ಎಐಎಂ ಮಾರುಕಟ್ಟೆಯ ಜರ್ನಿಯೊ, ಕೆನಡಾದ ಅಬಾಟ್ಸ್‌ಫರ್ಡ್‌ನ ಗೇಟ್‌ಕೀಪರ್ ಸಿಸ್ಟಮ್ಸ್ ಇಂಥ ಕಂಪನಿಗಳು. ನಮ್ಮ ಬಹಳಷ್ಟು ಬ್ರೋಕರ್‌ಗಳು ಅಮೆರಿಕದ ಷೇರು ಮಾತ್ರ ಕೊಡುತ್ತಾರೆ. ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ, ₹10 ಲಕ್ಷ ದಾಟಿದರೆ ಟಿಸಿಎಸ್ (ಹಣ ಕಳಿಸುವಾಗಲೇ ಹಿಡಿಯುವ ತೆರಿಗೆ), ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ. ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಮಾತ್ರ ಇದು ಸಲೀಸು, ಎಐಎಂ ಷೇರನ್ನು ಐಎಸ್‌ಎ ಅನ್ನುವ ಅಲ್ಲಿನ ತೆರಿಗೆರಹಿತ ಖಾತೆಯಲ್ಲೇ ಇಡಬಹುದು. ಉಳಿದವರು ಇವುಗಳ ವಾರ್ಷಿಕ ವರದಿಯನ್ನು ಪುಕ್ಕಟೆ ಪಾಠವಾಗಿ ಓದಿ. ಜರ್ನಿಯೊ ಮೊದಲು ಬೇರೆ ಹೆಸರಲ್ಲಿ ಬಸ್ಸುಗಳಿಗೆ ಸಿಸಿಟಿವಿ ಹಾಕುತ್ತಿತ್ತು. ಆಮೇಲೆ ಸಾಫ್ಟ್‌ವೇರ್, ಪ್ರಯಾಣಿಕರ ಮಾಹಿತಿ ಫಲಕಗಳ ಕಡೆ ಹೊರಳಿತು. 2023ರಲ್ಲಿ ಅಂಥ ಫಲಕ ಮಾಡುವ ಇನ್ಫೋಟೆಕ್ ಕಂಪನಿಯನ್ನೇ ಕೊಂಡಿತು. ಕ್ಯಾಮೆರಾ ಒಂದನ್ನೇ ನಂಬಿ ಕೂರುವುದು ಅವರಿಗೂ ಸಾಕಾಗಿರಲಿಲ್ಲ ಅಂತ ನನ್ನ ಓದು.

ಯಾರಿಗೆ ಯಾವುದು

ಮಾಲೀಕರನ್ನು ಹತ್ತು ವರ್ಷದಿಂದ ಬಲ್ಲಿರಿ, ಶೆಡ್ಡಿಗೆ ಯಾವಾಗ ಬೇಕಾದರೂ ಹೋಗಬಲ್ಲಿರಿ, ಐದಾರು ವರ್ಷ ಹಣ ಬೇಡ ಅಂದರೆ ಷೇರು ಸರಿ, ಅದರಲ್ಲೂ ಆದ್ಯತಾ ಷೇರು. ಪರಿಚಯ ಅಷ್ಟಕ್ಕಷ್ಟೇ, ಈ ವಲಯದ ಮೇಲೆ ಆಸೆ ಇದೆ ಅಂದರೆ ಎಸ್‌ಎಂಇ ಕಂಪನಿಗಳನ್ನು ಎರಡು ಫಲಿತಾಂಶ ಬರುವವರೆಗೆ ನೋಡಿ ಆಮೇಲೆ ಕೊಳ್ಳಿ, ಐಪಿಒ ದಿನದ ನೂಕುನುಗ್ಗಲು ಬೇಡ. ತಿಂಗಳ ಆದಾಯ ಬೇಕು, ನಿವೃತ್ತಿ ಹಣ ಇದು ಅನ್ನುವವರಿಗೆ ಇಲ್ಲಿ ಯಾವ ದಾರಿಯೂ ಹೊಂದುವುದಿಲ್ಲ. ಬ್ಯಾಂಕಿನಲ್ಲಿಡಿ. ತೆರಿಗೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ: ಲಿಸ್ಟ್ ಆದ ಷೇರು 12 ತಿಂಗಳು, ಆಗದ್ದು 24 ತಿಂಗಳು ದಾಟಿದರೆ ಲಾಭಕ್ಕೆ ಶೇ 12.5. ಲಿಸ್ಟ್ ಆದದ್ದರಲ್ಲಿ ವರ್ಷಕ್ಕೆ ₹1.25 ಲಕ್ಷದವರೆಗೆ ವಿನಾಯಿತಿ.

ನೋಡಬೇಕಾದ ಕಾಗದ ಬಹಳ ಇಲ್ಲ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ₹100 ಕಟ್ಟಿದರೆ ಕಂಪನಿ ಸಲ್ಲಿಸಿದ ಬ್ಯಾಲೆನ್ಸ್ ಶೀಟು, ಯಾವ ಬ್ಯಾಂಕಿನ ಅಡ ಎಷ್ಟಿದೆ ಅನ್ನುವ ದಾಖಲೆ ಸಿಗುತ್ತದೆ. ಎರಡು ವರ್ಷದ ಹಿಂದೆ ಕ್ಯಾಮೆರಾ ಹಾಕಿದ ಒಂದು ಬಸ್ಸು ಹತ್ತಿ ಚಾಲಕರನ್ನೋ ನಿರ್ವಾಹಕರನ್ನೋ "ಇದು ಕೆಲಸ ಮಾಡುತ್ತಾ ಅಣ್ಣಾ?" ಅಂತ ಕೇಳಿ, ಮಾಲೀಕರ ಪವರ್‌ಪಾಯಿಂಟ್‌ಗಿಂತ ಅದು ಉಪಯೋಗ. ಮುಖ್ಯವಾಗಿ ಬರಬೇಕಾದ ಬಾಕಿಗಳ ಪಟ್ಟಿಯನ್ನು ದಿನದ ಲೆಕ್ಕದಲ್ಲಿ ವಿಂಗಡಿಸಿ ಕೊಡಲು ಹೇಳಿ: 45 ದಿನದೊಳಗಿನದು, 90, 180, ಅದಕ್ಕೂ ಮೇಲಿನದು. ಯಾವ ಅಕೌಂಟಿಂಗ್ ಸಾಫ್ಟ್‌ವೇರ್ ಆದರೂ ಎರಡು ನಿಮಿಷದಲ್ಲಿ ತೆಗೆದುಕೊಡುತ್ತದೆ. ಕೊಡಲು ಹಿಂದೆಮುಂದೆ ನೋಡಿದರೆ ಕಾಫಿ ಕುಡಿದು ಎದ್ದು ಬನ್ನಿ. ಕೊಟ್ಟರೆ, 180 ದಿನ ದಾಟಿದ ಬಾಕಿ ಒಟ್ಟು ಬಾಕಿಯ ಕಾಲುಭಾಗಕ್ಕಿಂತ ಕಡಿಮೆ ಇದ್ದರೆ, ಆಗ ಷೇರಿನ ಬೆಲೆ ಎಷ್ಟು ಅನ್ನುವ ಮಾತಿಗೆ ಕೂರಬಹುದು.